ಹೋತಕ್ಕೆ ಮುಗಿದ ಕೈ

"ಈ ವಾಡಿಯೊಳಗ ಪಟ್ಟಿ ಬುಕ್ಕು ಹಿಡಕೊಂಡು ಮನಿಮನಿ ತಿರುಗೋ ಜಮಾನಾ ಇವತ್ತಿಗೆ ಖತಂ! ಮೊಬೈಲ್‌ನ್ಯಾಗ ಹರಾಜು ಮಾಡಿ, ಕುಂತಲ್ಲೇ ಚಂದಾ ಎತ್ತಿ ತೋರಸ್ತೀನಿ. ತೋರಸಲಿಲ್ಲಂದ್ರ ನನ್ನ ಹೆಸರು ಸುರೇಶಕುಮಾರನೇ ಅಲ್ಲ!"

"ಮತ್ತೇನಂತ ಕರೀಬೇಕು, ಈಗೇ ಹೇಳಿಬಿಡ್ರಿ. ರೇಷನ್ ಕಾರ್ಡಿನ್ಯಾಗ ಬದ್ಲಿ ಮಾಡಸ್ಬೇಕಾಗ್ತದ" ಎಂದಳು ಹೆಂಡತಿ ಲುಂಬಿನಿ, ರೊಟ್ಟಿ ಬಡಿಯುವ ಕೈ ನಿಲ್ಲಿಸದೆ.

ಇಂಥ ಮಾತಿಗೆಲ್ಲ ಕುಗ್ಗುವ ಆಸಾಮಿಯಲ್ಲ ನಮ್ಮ ಸುರೇಶಕುಮಾರ. ಸಿಮೆಂಟ್ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಕೂತು, ತಡವಾಗಿ ಬಂದವರ ಹೆಸರಿನ ಮುಂದೆ ಕೆಂಪು ಗೆರೆ ಎಳೆಯುವ ಮನುಷ್ಯ. ಮೇಲಾಗಿ ಕಾಲೋನಿಯ ಸ್ನೇಹಬಂಧು ಸೇವಾ ಮಂಡಳಿಗೆ ಕಾರ್ಯದರ್ಶಿ! ಆ ಹುದ್ದೆ ಸಿಕ್ಕ ಮೇಲೆ ಅವನು ಹಾಲಿನವನ ಹತ್ತಿರವೂ "ತಮ್ಮ ಗಮನಕ್ಕೆ ತರುವುದೇನೆಂದರೆ" ಎಂದೇ ಶುರು ಮಾಡುತ್ತಿದ್ದ. ಅಂಥವನು ಒಂದು ಮಧ್ಯಾಹ್ನ ಮೊಬೈಲಿನಲ್ಲಿ ಏನೋ ಓದಿದ. ಪರದೇಶದಲ್ಲಿ ಧರ್ಮಕಾರ್ಯಕ್ಕೆ ದುಡ್ಡು ಬೇಕಾದರೆ ಮೌನ ಹರಾಜು ಮಾಡುತ್ತಾರಂತೆ. ಕೂಗಾಟವಿಲ್ಲ, ಕಚ್ಚಾಟವಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಮೊಬೈಲಿನಿಂದಲೇ ಬೆಲೆ ಏರಿಸುತ್ತಾರಂತೆ. ನೋಡನೋಡುತ್ತಲೇ ಲಕ್ಷಗಟ್ಟಲೆ ಕೂಡುತ್ತದಂತೆ! ಓದಿದ್ದೇ ತಡ, ಅವನಿಗೆ ಊಟ ಸೇರದಾಯಿತು.

ದುಡ್ಡು ಯಾತಕ್ಕೆ ಎಂದಿರಾ? ಶವ ಇಡುವ ಫ್ರೀಜರ್ ಪೆಟ್ಟಿಗೆಗೆ. ಮುಖ ಸಿಂಡರಿಸಬೇಡಿ. ಮೇ ತಿಂಗಳಲ್ಲಿ ವಾಡಿಯಲ್ಲಿ ಬದುಕಿದ್ದವರೇ ಸಂಜೆತನಕ ಕೆಡದೆ ಉಳಿಯುವುದು ಕಷ್ಟ; ಸತ್ತವರ ಪಾಡು ಕೇಳಬೇಕೆ? ಹೋದ ವರ್ಷ ಎದುರು ಮನೆಯ ಭಗವಂತ ಕಾಕಾ ತೀರಿಕೊಂಡಾಗ ಮಗಳು ಮೈತ್ರಿ ಪುಣೆಯಿಂದ ರೈಲು ಹತ್ತಿದ್ದಳು. ರೈಲು ಸೊಲ್ಲಾಪುರದ ಆಚೆ ಎಲ್ಲೋ ನಿಂತುಬಿಟ್ಟಿತು. ಇತ್ತ ಕಲಬುರಗಿಯಿಂದ ಜೀಪಿನಲ್ಲಿ ತರಿಸಿದ ಐಸ್ ಗಡ್ಡೆ ಶಹಾಬಾದ್ ದಾಟುವಷ್ಟರಲ್ಲಿ ಅರ್ಧವಾಗಿ, ವಾಡಿ ಮುಟ್ಟಿದಾಗ ಒದ್ದೆ ಗೋಣಿಚೀಲವಷ್ಟೇ ಉಳಿದಿತ್ತು. ಇನ್ನು ಕಾಯುವುದು ಬೇಡ ಎಂದರು ಹಿರಿಯರು. ಮೈತ್ರಿ ಬಂದಾಗ ಮಣ್ಣು ಮುಚ್ಚಿ ಆಗಿತ್ತು.

ಆವತ್ತು ಕಾಕಾನ ಹೆಂಡತಿ ಲಾಲಮ್ಮ ಚಿಗವ್ವ ಸುರೇಶಕುಮಾರನ ಅಂಗಿ ಹಿಡಿದು, "ನನ್ನ ಮಗಳಿಗಿ ಅವ್ರಪ್ಪನ ಮಾರಿ ತೋರಸ್ಲಿಕ್ಕ ಆಗ್ಲಿಲ್ಲಲ್ಲೋ ತಮ್ಮಾ" ಎಂದು ಅತ್ತಿದ್ದಳು. ಇವನೂ ಅತ್ತಿದ್ದ. ಅತ್ತು ಸುಮ್ಮನಿರಬಾರದೆ? "ಬರೋ ಬ್ಯಾಸಗಿ ಒಳಗ ಪೆಟ್ಟಿಗಿ ತರಸ್ತೀನಿ ಚಿಗವ್ವಾ, ಇದು ನನ್ನ ವಚನ!" ಎಂದು ಎದೆ ತಟ್ಟಿಕೊಂಡ. ಆ ಬರೋ ಬೇಸಿಗೆ ಬಂದು ಕೂತಿತ್ತು. ಪೆಟ್ಟಿಗೆ ಬಂದಿರಲಿಲ್ಲ. ಲಾಲಮ್ಮ ಒಂದು ದಿನವೂ ಕೇಳಲಿಲ್ಲ. ಆದರೆ ಆಕೆ ಬಾಗಿಲಲ್ಲಿ ಕಂಡಾಗೆಲ್ಲ ಇವನು ಚಪ್ಪಲಿ ಹುಡುಕುವ ನೆಪದಲ್ಲಿ ತಲೆ ಬಗ್ಗಿಸುತ್ತಿದ್ದ.

ಮಂಡಳಿಯ ಖಜಾಂಚಿ ಗುಲಾಮ ದಸ್ತಗೀರ. ಬಜಾರಿನಲ್ಲಿ ಅವನದು ಫ್ರಿಜ್ ರಿಪೇರಿ ಅಂಗಡಿ. ಕಲಬುರಗಿಯಲ್ಲಿ ಪೆಟ್ಟಿಗೆ ಮಾರುವವರನ್ನು ಹುಡುಕಿ ರೇಟು ಕುದುರಿಸಿದವನೂ ಅವನೇ. ಅರ್ಧ ದುಡ್ಡು ಮಂಡಳಿಯಲ್ಲಿತ್ತು, ಇನ್ನರ್ಧ ಎತ್ತಬೇಕಿತ್ತು.

"ಸುರೇಶ್ ಭಾಯಿ, ನನ್ನ ಮಾತ್ ಕೇಳು, ಪಟ್ಟಿನೇ ಎತ್ತೋಣು. ಮಂದಿ ಮಾರಿ ನೋಡಿ ರೊಕ್ಕ ಕೊಡ್ತಾರ. ಮೊಬೈಲ್ ನೋಡಿ ಯಾರ್ ಕೊಡ್ತಾರ ಯಾರ್?"

"ದಸ್ತಗೀರ್, ನೀ ಕಂಪ್ರೆಸ್ಸರ್ ನೋಡ್ಕೋ. ತಾಂತ್ರಿಕ ವಿಷಯ ನನಗ ಬಿಡು!"

ಬಿಟ್ಟ ಪಾಪ. ಮಂಡಳಿಯ ವಾಟ್ಸಾಪ್ ಗುಂಪಿನಲ್ಲಿ ಇನ್ನೂರಕ್ಕೂ ಹೆಚ್ಚು ಜನ. ಕಾಲೋನಿಯವರು, ಕಾಲೋನಿ ಬಿಟ್ಟು ಸೇಡಂ, ಚಿತ್ತಾಪುರ, ಚಿಂಚೋಳಿ ಸೇರಿದವರು, ಅವರ ಬೀಗರು, ಬೀಗರ ಬೀಗರು. ಹರಾಜಿಗೆ ಸಾಮಾನೂ ಬಂದವು. ಸೇಡಂನಿಂದ ಒಂದು ಚೀಲ ತೊಗರಿಬೇಳೆ. ಚಿತ್ತಾಪುರದಿಂದ ಗೋಡೆ ಗಡಿಯಾರ. ಶಹಾಬಾದ್‌ನಿಂದ ಫರ್ಸಿ ಕಲ್ಲಿನ ಬೆಂಚು. ಅದನ್ನು ಇಳಿಸಿಕೊಂಡ ನಾಲ್ಕು ಜನ ಮರುದಿನ ಕೆಲಸಕ್ಕೆ ಹೋಗಲಿಲ್ಲ. ಎಲ್ಲಕ್ಕೂ ಕಳಶವಿಟ್ಟಂತೆ ತೆಂಗಳಿಯಿಂದ ಲುಂಬಿನಿಯ ಅಪ್ಪ ಒಂದು ಹೋತ ಕಳಿಸಿಕೊಟ್ಟ. ಕರಿಯ ಮೈ, ಎದೆಮಟ್ಟ ಗಡ್ಡ, ಯಾರನ್ನೂ ಲೆಕ್ಕಕ್ಕಿಡದ ನೋಟ! ಬಂದ ದಿನವೇ ಅದು ಹಗ್ಗ ಬಿಚ್ಚಿಕೊಂಡು, ಬುದ್ಧ ಪೂರ್ಣಿಮೆಗೆಂದು ಲುಂಬಿನಿ ಒಗೆದು ಒಣಗಿಸಿದ್ದ ಬಿಳಿ ಸೀರೆಯ ಸೆರಗನ್ನು ಮೇಯ್ದುಬಿಟ್ಟಿತು.

"ಅಲ್ರೀ, ಹೋತ ಎಂದು ಹೋಗ್ತದ?"

"ನಿಮ್ಮಪ್ಪ ಕೊಟ್ಟಿದ್ದಲ್ಲೇನು? ತವರುಮನಿ ಸೀರಿ ಕೊಡಲಿಲ್ಲಂತ ಅಂತಿದ್ದಿ. ಈಗ ಇದ್ದ ಸೀರಿನೂ ತಗೊಂಡ್ರು ನೋಡು!"

ಆ ರಾತ್ರಿ ಅವನಿಗೆ ಬರೀ ರೊಟ್ಟಿ ಸಿಕ್ಕಿತು. ಪಲ್ಯ ಸಿಗಲಿಲ್ಲ.

ಇರಲಿ. ಶುಭ ಮುಹೂರ್ತದಲ್ಲಿ ಗುಂಪಿಗೆ ಮೊದಲ ಪ್ರಕಟಣೆ ಹೊರಟಿತು: "ಮಾನ್ಯರೇ, ಮೌನ ಹರಾಜು ಆರಂಭವಾಗಿದೆ. ತಾವು ತಮ್ಮ ತಮ್ಮ ಸವಾಲುಗಳನ್ನು ಕಳಿಸಬೇಕಾಗಿ ವಿನಂತಿ." ನಮ್ಮ ಕಡೆ ಹರಾಜಿನಲ್ಲಿ ಬೆಲೆ ಕೂಗುವುದಕ್ಕೆ ಸವಾಲು ಅನ್ನುತ್ತಾರೆ. ಆ ಲೆಕ್ಕದಲ್ಲಿ ಮಾತು ಸರಿಯೇ. ಆದರೆ ಉರ್ದು ಬಲ್ಲ ಅರ್ಧ ಊರಿಗೆ ಸವಾಲೆಂದರೆ ಪ್ರಶ್ನೆ! ಕೇಳಿದ್ದೇ ಸಾಕೆಂದು ಜನ ಪ್ರಶ್ನೆಗಳನ್ನು ಸುರಿದರು. "ನಳದ ನೀರು ಎಂದು ಬಿಡ್ತೀರಿ?" "ನನ್ನ ಪಿಂಚಣಿ ಯಾಕ ನಿಂತದ?" "ನಾಲವಾರದಾಗ ಗಾಡಿ ಎಷ್ಟೊತ್ತಿಗಿ ನಿಲ್ತದ?" ರಶೀದಾಬೇಗಂ ಎಂಬ ಮುದುಕಿ ಚಿಂಚೋಳಿಯಿಂದ ದನಿ ಕಳಿಸಿದಳು: "ಬೇಟಾ, ಎರಡು ತಿಂಗಳಾತು, ಮೊಣಕಾಲು ಮಡಚಲಿಕ್ಕ ಬರವಲ್ದು. ಏನ್ ಮಾಡ್ಲಿ?"

ಸುರೇಶಕುಮಾರ ಹಣೆ ಹಣೆ ಬಡಿದುಕೊಂಡ. "ಸವಾಲು ಎಂದರೆ ಬೆಲೆ, ಬೆಲೆ ಕಳಿಸಿ" ಎಂದು ತಿದ್ದಿದ. ಆಗ ಬೆಲೆಗಳು ದನಿಯಲ್ಲೇ ಬಂದವು. ಅಕ್ಷರ ಒತ್ತುವ ತಾಳ್ಮೆ ಯಾರಿಗಿದೆ? ಗಡಿಯಾರಕ್ಕೆ ಒಬ್ಬ "ಸವ್ವಾ" ಎಂದ, ಇನ್ನೊಬ್ಬ "ದೀಡ" ಎಂದ. ಸವ್ವಾ ಎಂದರೆ ನೂರಿಪ್ಪತ್ತೈದೋ, ಸಾವಿರದ ಇನ್ನೂರೈವತ್ತೋ? ದೀಡ ಎಂದರೆ ನೂರೈವತ್ತೋ, ಒಂದೂವರೆ ಸಾವಿರವೋ? ಫೋನು ಮಾಡಿ ಕೇಳಿದರೆ, "ಅಷ್ಟೂ ತಿಳಿಯಂಗಿಲ್ಲೇನ್ರಿ ಸೆಕ್ರೆಟ್ರಿ ಸಾಹೇಬ್ರ?" ಎಂದು ಬೈದು ಇಟ್ಟರು.

ಇದನ್ನಾದರೂ ಸಹಿಸಬಹುದು. ಬೆಲೆ ಏರಬೇಕಲ್ಲ! ಒಬ್ಬರು ಬೆಲೆ ಹೇಳಿದ ಮೇಲೆ ಇನ್ನೊಬ್ಬರು ಬಾಯಿಯೇ ಬಿಡುತ್ತಿರಲಿಲ್ಲ. ಯಾಕೆಂದು ಕೇಳಿದರೆ ಸೇಡಂನ ಒಬ್ಬ ಹಿರಿಯರು, "ಬ್ಯಾಳಿಗಿ ರೇಟು ಹೇಳಿದವರು ನಮ್ಮ ಬೀಗರು ಅಲ್ಲೇನ್ರಿ! ಬೀಗರ ಮ್ಯಾಲ ಏರಿಸಿದ್ರ ನಾಳಿ ಮಗಳನ ತವರಿಗಿ ಕಳಸ್ತಾರೇನು?" ಎಂದರು. ಪರದೇಶದಲ್ಲಿ ಹರಾಜು ಗೆಲ್ಲುವುದು ಯಾಕೆಂದು ಈಗ ಗೊತ್ತಾಯಿತು. ಅಲ್ಲಿ ಬೀಗರಿಲ್ಲ!

"ಹೆಬ್ಬೆಟ್ಟಿನ ಚಿತ್ರ ಅದ ಅಲ್ಲ ಭಾಯಿ, ಅದನ್ನ ಒತ್ತಲಿಕ್ಕ ಹೇಳು. ಒಂದು ಹೆಬ್ಬೆಟ್ಟಿಗಿ ಎರಡು ನೂರು ಏರ್ತದ ಅನ್ನು. ಕೆಲಸ ಸಸಾರ" ಎಂದ ದಸ್ತಗೀರ.

"ಥೂ! ಹೆಬ್ಬೆಟ್ಟು ಒತ್ತೋದಂದ್ರ ಅಡಾಣಿ ಮಂದಿ ಕೆಲಸ. ನಮ್ಮವರು ಸಾಲಿ ಕಲ್ತವರು!" ಸುರೇಶಕುಮಾರನ ಕಣ್ಣು ಹೊಳೆದವು. "ಕೈಮುಗಿದ ಚಿತ್ರ ಇಡೋಣು! ಬೀಗರಿಗಿ ನಮಸ್ಕಾರ ಮಾಡಿ ಅವರ ಮ್ಯಾಲ ಏರಿಸಿದ್ರ ಯಾರಿಗಿ ಸಿಟ್ಟು ಬರ್ತದ? ಮರ್ಯಾದಿಗಿ ಮರ್ಯಾದಿ, ರೊಕ್ಕಕ್ಕ ರೊಕ್ಕ!"

ಲುಂಬಿನಿ ಒಳಗಿನಿಂದ, "ಮಂದಿ ದಿನಾ ಮುಂಜಾನಿ ಎದ್ದು ಕೈ ಮುಗೀತಾರ್ರಿ ಆ ಗುಂಪಿನ್ಯಾಗ" ಎಂದಳು.

"ಅದಕ್ಕೇ ರೂಢಿ ಅದ ಅನ್ನೋದು! ಹೆಣ್ಮಕ್ಕಳಿಗಿ ಇದೆಲ್ಲ ತಿಳಿಯಂಗಿಲ್ಲ!"

ಸರಿ, ಶಾಸನ ಹೊರಟಿತು. ಬೆಲೆ ಏರಿಸುವವರು ಏನೂ ಬರೆಯಬಾರದು, ಕೈಮುಗಿದ ಚಿತ್ರ ಒತ್ತಿದರೆ ಸಾಕು, ಇನ್ನೂರು ರೂಪಾಯಿ ಏರಿತೆಂದು ತಿಳಿಯಲಾಗುವುದು. ಖಜಾಂಚಿಯವರು "ಮೂರು ಸಲ" ಎಂದು ಬರೆಯುವವರೆಗೆ ಬಾಗಿಲು ತೆರೆದಿರುತ್ತದೆ. ಕೊನೆಯ ಕೈ ಯಾರದೋ ವಸ್ತು ಅವರದು. ಒಮ್ಮೆ ಮುಗಿದ ಕೈಯನ್ನು ಯಾವ ಕಾರಣಕ್ಕೂ ವಾಪಸ್ ಪಡೆಯಲಾಗದು. ಈ ಕೊನೆಯ ಸಾಲನ್ನು ಅವನು ದಪ್ಪ ಅಕ್ಷರದಲ್ಲಿ ಹಾಕಿದ.

ನಂಬಿದರೆ ನಂಬಿ, ಕೆಲಸ ಹತ್ತಿತು! ಬೀಗರು ಬೀಗರಿಗೆ ಕೈ ಮುಗಿಮುಗಿದು ಬೇಳೆಚೀಲ ಏರಿಸಿದರು. ಗಡಿಯಾರ ಹೋಯಿತು. ಕಲ್ಲಿನ ಬೆಂಚೂ ಹೋಯಿತು. ಹೊತ್ತೊಯ್ಯುವವರು ಸಿಗದೆ ಇವನ ಅಂಗಳದಲ್ಲೇ ಉಳಿಯಿತು, ಆ ಮಾತು ಬೇರೆ. ಬಾಕಿ ಉಳಿದದ್ದು ಹೋತ ಒಂದೇ. ಅದು ಒಳ್ಳೆ ಬೆಲೆಗೆ ಹೋದರೆ ಪೆಟ್ಟಿಗೆಯ ದುಡ್ಡು ಭರ್ತಿ.

ಆದರೆ ಹೋತ ಐದು ಸಾವಿರಕ್ಕೆ ಕಾಲು ಮಡಚಿ ಕೂತುಬಿಟ್ಟಿತು. ಯಾರೂ ಕೈ ಎತ್ತಲೊಲ್ಲರು, ಅಂದರೆ ಮುಗಿಯಲೊಲ್ಲರು. ಸುರೇಶಕುಮಾರನ ನಿದ್ದೆ ಹೋಯಿತು. ಕೊನೆಯ ದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ, "ಲುಂಬಿನಿ, ಹೋತದ ಒಂದು ಚಲೋ ಫೋಟೋ ತಗದು ಗುಂಪಿಗಿ ಹಾಕು. ಗಡ್ಡ ಕಾಣಬೇಕು. ನನ್ನ ಮೊಬೈಲ್ ಭರ್ತಿಯಾಗ್ಯಾದ, ಫೋಟೋನೇ ಹತ್ತವಲ್ದು" ಎಂದ.

"ಹಾಕ್ತೀನಿ ಹೋಗ್ರಿ" ಎಂದಳು ಲುಂಬಿನಿ.

ಮಧ್ಯಾಹ್ನ ಆಫೀಸಿನಲ್ಲಿ ಮೊಬೈಲು ಗುಂಯ್ ಎಂದಿತು. ನೋಡುತ್ತಾನೆ, ಗುಂಪಿನಲ್ಲಿ ಲುಂಬಿನಿಯದೇ ಫೋಟೋ! ಇವನ ಮೊಬೈಲಿನಲ್ಲಿ ಅದು ತೆರೆಯಲಿಲ್ಲ, ಬೂದಿ ಬಣ್ಣದ ಚೌಕವಷ್ಟೇ ಕಂಡಿತು. ತೆರೆದರೆಷ್ಟು ಬಿಟ್ಟರೆಷ್ಟು, ಮಾವನ ಮನೆಯ ಹೋತ ನೋಡದ್ದೇ? ಅದರ ಕೆಳಗೆ ಒಂದು ಕೈ ಬಿತ್ತು. ಇನ್ನೊಂದು ಬಿತ್ತು. ಆಮೇಲೆ ಶುರುವಾಯಿತು ನೋಡಿ! ಗುಂಯ್, ಗುಂಯ್, ಗುಂಯ್! ಚಿತ್ತಾಪುರದಿಂದ ಕೈ, ಸೇಡಂನಿಂದ ಕೈ, ಹೆಸರೇ ಕೇಳದವರ ಕೈ! ಐದು ಹತ್ತಾಯಿತು, ಹತ್ತು ಹದಿನೈದಾಯಿತು. ಸುರೇಶಕುಮಾರನಿಗೆ ಕುರ್ಚಿಯ ಮೇಲೆ ಕೂಡಲಾಗಲಿಲ್ಲ. ಆ ಹೊತ್ತಿನಲ್ಲಿ ತಡವಾಗಿ ಬಂದ ಇಬ್ಬರಿಗೆ ಕೆಂಪು ಗೆರೆ ಎಳೆಯದೆ ಒಳಗೆ ಬಿಟ್ಟ ಎಂದರೆ ಅವನ ಸಂತೋಷ ಎಷ್ಟಿತ್ತೆಂದು ತಿಳಿಯಿರಿ.

ಬೆಂಕಿ ಹತ್ತಿದಾಗಲೇ ಊದಬೇಕು ಎಂದುಕೊಂಡು ಗುಂಪಿಗೆ ಬರೆದೇ ಬರೆದ: "ಆ ಗಡ್ಡ ನೋಡಿ! ಆ ಗತ್ತು ನೋಡಿ! ಪುಕ್ಕಟೆ ಮೇವು ತಿಂದು ಬೆಳೆದ ಮೈ! ಇಂಥದ್ದು ವಾಡಿಯಲ್ಲಿ ಇನ್ನೊಂದಿಲ್ಲ! ಕೈ ಮುಗಿಯಿರಿ, ಮುಗಿಯುತ್ತಲೇ ಇರಿ!"

ತಟ್ಟನೆ ಕೈಗಳು ನಿಂತುಹೋದವು. ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ಒಂದೇ ಒಂದು ಕೈ ಬಂತು. ಅಷ್ಟೇ.

ದಸ್ತಗೀರ ಫೋನಿನ ಮೇಲೆ ಫೋನು ಮಾಡಿದ. ಮುಂದೆ ಸಾಹೇಬರು ನಿಂತಿದ್ದರಿಂದ ಇವನು ಕತ್ತರಿಸಿ ಕತ್ತರಿಸಿ ಇಟ್ಟ. ಸಾಹೇಬರು ಹೋದದ್ದೇ ತಡ, ಕಲಬುರಗಿಯ ಅಂಗಡಿಗೆ ಫೋನು ಹಚ್ಚಿದ: "ಪೆಟ್ಟಿಗಿ ಗಾಡಿಗಿ ಹೇರ್ರಿ! ಇವತ್ತೇ ಕಳಸ್ರಿ! ಇಳಿಸಿಕೊಂಡ ಮ್ಯಾಲ ಪೂರಾ ರೊಕ್ಕ ನಗದು!"

ಸಂಜೆ ಮನೆಗೆ ಬಂದವನ ನಡಿಗೆ ನೋಡಬೇಕಿತ್ತು. "ನೋಡಿದ್ಯಾ ನಿಮ್ಮಪ್ಪನ ಹೋತದ ದೌಲತ್ತು! ಇಪ್ಪತ್ತೊಂದು ಸಾವಿರ! ಎಂಥಾ ಫೋಟೋ ಹಾಕಿದಿ ಲುಂಬಿನಿ! ನಿನ್ನ ಕೈಗಿ ಬಂಗಾರದ ಬಳಿ ಹಾಕಸ್ಬೇಕು!"

ಲುಂಬಿನಿ ತನ್ನ ಮೊಬೈಲನ್ನು ಅವನ ಮುಖದ ಮುಂದೆ ಹಿಡಿದಳು.

ಭಗವಂತ ಕಾಕಾ! ತಲೆಗೆ ಪೇಟ, ಎದೆಮಟ್ಟ ಬಿಳಿ ಗಡ್ಡ. ಫೋಟೋದೊಳಗೇ ಕೆಳಗೆ ಬರೆದಿತ್ತು, "ಪ್ರಥಮ ವರ್ಷದ ಪುಣ್ಯಸ್ಮರಣೆ. ಇಂತಿ ಪತ್ನಿ ಲಾಲಮ್ಮ, ಮಗಳು ಮೈತ್ರಿ." ಅದರ ಕೆಳಗೆ ಊರಿಗೆ ಊರೇ ಮುಗಿದ ಕೈ. ಆ ಕೈಗಳ ಕೆಳಗೆ ಕಾರ್ಯದರ್ಶಿ ಸುರೇಶಕುಮಾರರ ನುಡಿಮುತ್ತು: "ಪುಕ್ಕಟೆ ಮೇವು ತಿಂದು ಬೆಳೆದ ಮೈ!"

ಅವನು ಧೊಪ್ಪನೆ ಕೂತ. ಪುಣ್ಯಕ್ಕೆ ಕಲ್ಲಿನ ಬೆಂಚು ಅಲ್ಲೇ ಇತ್ತು.

"ನೀ ಹೋತದ್ದು ಹಾಕ್ತೀನಂದಿದ್ದೆಲ್ಲ!"

"ಹಾಕೋಳೇ ಇದ್ದೆ. ಅಷ್ಟ್ರಾಗ ಮೈತ್ರಿ ಪುಣೆದಿಂದ ಇದನ್ನ ಕಳಿಸಿ, ವೈನಿ, ನಾ ಗುಂಪಿನ್ಯಾಗ ಇಲ್ಲ, ನೀವೇ ಹಾಕ್ರಿ ಅಂದಳು. ಇವತ್ತಿಗಿ ವರ್ಷಾತು ಅನ್ನೋದು ನಿಮಗ ನೆಪ್ಪಿಲ್ಲೇನು?"

ನೆನಪಿರಲಿಲ್ಲ. ಪೆಟ್ಟಿಗೆ ನೆನಪಿತ್ತು, ವಚನ ನೆನಪಿತ್ತು, ಇನ್ನೂರರ ಮಗ್ಗಿ ನೆನಪಿತ್ತು. ಕಾಕಾ ಸತ್ತ ದಿನ ನೆನಪಿರಲಿಲ್ಲ.

"ಮಾನ ಹೋತಲ್ಲೇ ಲುಂಬಿನಿ!"

"ಮಾನ ಹೋತು. ಹೋತ ಮಾತ್ರ ಇನ್ನಾ ಇಲ್ಲೇ ಅದ" ಎಂದಳು ಆಕೆ.

ಅಲ್ಲಿಂದ ಮೊಬೈಲು ಬಡಿದುಕೊಳ್ಳತೊಡಗಿತು. ಮೊದಲು ಸೇಡಂನ ಹಿರಿಯರು: "ಸತ್ತವರಿಗಿ ಕೈ ಮುಗದ್ರ ಇನ್ನೂರು ರೂಪಾಯಿ ಹಚ್ತೀರೇನ್ರಿ? ಹಂಗಾದ್ರ ಗುಡಿ ಮುಂದ ಹಾದು ಹೋಗಲಿಕ್ಕೂ ಅಂಜಬೇಕಲ್ಲ!" ಆಮೇಲೆ ಕಾಲೋನಿಯ ಒಬ್ಬ: "ಕಾಕಾನ ಗಡ್ಡದ ಮ್ಯಾಲ ಮಸ್ಕಿರಿ ಮಾಡ್ತೀಯೇನಲೇ?" ಚಿಂಚೋಳಿಯ ರಶೀದಾಬೇಗಂ ಮಾತ್ರ ಕೇಳಿದ್ದು ಬೇರೆ: "ಬೇಟಾ, ನನ್ನ ಮೊಣಕಾಲಿಂದು ಏನಾತು?" ಈ ನಡುವೆ ಒಬ್ಬೊಬ್ಬರೇ ಗುಂಪು ಬಿಟ್ಟು ಹೊರಟರು. ಮುಗಿದ ಕೈ ವಾಪಸ್ ಪಡೆಯಲಾಗದು, ನಿಜ; ಕಾಲು ತೆಗೆಯಬಾರದೆಂದು ಶಾಸನದಲ್ಲಿ ಎಲ್ಲಿ ಬರೆದಿತ್ತು?

ದಸ್ತಗೀರ ಏದುಸಿರು ಬಿಡುತ್ತ ಬಂದ. "ಯಾರ್, ಎಷ್ಟು ಫೋನ್ ಮಾಡ್ದೆ ನಿನಗ! ತೋಬಾ ತೋಬಾ, ಏನ್ ಬರದಿ ಅದು!"

"ಹರಾಜು ರದ್ದು ಅಂತ ಬರದುಬಿಡು ದಸ್ತಗೀರ್."

"ರದ್ದು ಮಾಡೋಣು. ಆದ್ರ ಪೆಟ್ಟಿಗಿ? ಗಾಡಿಯವ ಈಗ ನನಗ ಫೋನ್ ಮಾಡಿದ್ದ. ಶಹಾಬಾದ್ ದಾಟ್ಯಾನಂತ. ರೊಕ್ಕ ಕೈಯಾಗ ಇಡಲಿಲ್ಲಂದ್ರ ಹಂಗೇ ಹೊಳ್ಳಿ ಒಯ್ತೀನಿ ಅಂತಾನ." ದಸ್ತಗೀರ ದನಿ ತಗ್ಗಿಸಿದ. "ಇನ್ನೊಂದು ಮಾತು. ಕೊನಿ ಕೈ ಯಾರ್ದು ನೋಡೀಯೇನು?"

ಸುರೇಶಕುಮಾರ ನೋಡಿದ. ನೋಡಿ ಮೊಬೈಲನ್ನು ಬೆಂಚಿನ ಮೇಲೆ ಬೋರಲು ಹಾಕಿದ. ಎಲ್ಲರಿಗೂ ಉಪಕಾರ ಹೇಳಲೆಂದು ಕೊನೆಗೆ ಕೈ ಮುಗಿದವಳು ಲಾಲಮ್ಮ ಚಿಗವ್ವ. ಶಾಸನದ ಪ್ರಕಾರ ಇಪ್ಪತ್ತೊಂದು ಸಾವಿರಕ್ಕೆ ಹೋತ ಆಕೆಯದು! ಗಂಡನ ಮುಖ ಮಗಳಿಗೆ ತೋರಿಸಲಾಗದೆ ಅತ್ತವಳು. ಅವಳ ಹೆಸರಿನಲ್ಲಿ ಪೆಟ್ಟಿಗೆ ತರಲು ಹೊರಟು, ಅವಳ ಗಂಡನನ್ನೇ ಹೋತ ಮಾಡಿ, ಹೋತವನ್ನು ಅವಳ ಕೊರಳಿಗೇ ಕಟ್ಟಿದಂತಾಯಿತು. ಭೂಮಿ ಬಾಯಿ ಬಿಡಬಾರದೇ ಎಂದುಕೊಂಡ. ಶಹಾಬಾದಿ ಫರ್ಸಿ ಹಾಸಿದ ಅಂಗಳ. ಅದು ಹೇಗೆ ಬಾಯಿ ಬಿಟ್ಟೀತು!

ಅಷ್ಟರಲ್ಲಿ ಎದುರು ಮನೆಯ ಬಾಗಿಲು ತೆರೆಯಿತು. ಲಾಲಮ್ಮ ಬಂದಳು. ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಬಟ್ಟೆಯ ಗಂಟು.

"ಎಲ್ಲಿ ಅದ ತಮ್ಮಾ, ನನ್ನ ಹೋತ?"

ಸುರೇಶಕುಮಾರ ಆಕೆಯ ಕಾಲಿಗೆ ಬಗ್ಗಿದ. "ಚಿಗವ್ವಾ, ಕಾಲಿಗಿ ಬೀಳ್ತೀನಿ. ಹೋತಂತ ತಿಳದು ಬರದೆ. ಕಾಕಾನ ಗಡ್ಡಕ್ಕ ನಾ…"

"ಗಡ್ಡ ಇತ್ತು. ಗತ್ತೂ ಇತ್ತು. ಅದ್ರಾಗ ಸುಳ್ಳೇನದ?" ಲಾಲಮ್ಮ ಬೆಂಚಿನ ತುದಿಗೆ ಕೂತಳು. "ಪುಕ್ಕಟಿ ಮೇವು ಅಂದಿ ನೋಡು, ಅದೊಂದು ಸುಳ್ಳು. ಆ ಮನುಷ್ಯಾ ಜಲಮೆಲ್ಲಾ ಕಲ್ಲಿನ ಖಣಿಯಾಗ ದುಡದು ಉಂಡಾನ."

ದಸ್ತಗೀರ ಮುಖ ಆಚೆ ತಿರುಗಿಸಿದ. ಲುಂಬಿನಿ ಚರಿಗೆಯಲ್ಲಿ ನೀರು ತಂದು ಕೊಟ್ಟಳು. ಲಾಲಮ್ಮ ಕುಡಿದು, ಗಂಟನ್ನು ದಸ್ತಗೀರನ ಮುಂದೆ ಇಟ್ಟಳು.

"ಇದು ನನ್ನ ಮಣ್ಣಿಗಂತ ಕೂಡಿಟ್ಟ ರೊಕ್ಕ. ಪೂರಾ ಇಲ್ಲ, ಉಳಿದದ್ದು ಮೈತ್ರಿ ಕಳಸ್ತಾಳ. ದಸ್ತಗೀರ್ ಅಂದದ್ದು ನನ್ನ ಬಾಗಲತನಾ ಕೇಳಿಸ್ತು, ಗಾಡಿ ಹೊಳ್ಳಿ ಹೋಗಬಾರ್ದು. ಪೆಟ್ಟಿಗಿ ಬರ್ಲಿ. ಬೋಣಿ ನಾನೇ ಮಾಡಿದ್ರೂ ಮಾಡ್ದೆ."

"ಬಿಡ್ತು ಅನ್ರಿ ಅತ್ತಿ!" ಎಂದು ಲುಂಬಿನಿ ಆಕೆಯ ಬಾಯಿಗೆ ಕೈ ಅಡ್ಡ ಹಿಡಿದಳು.

"ಹರಾಜು ರದ್ದು ಮಾಡ್ತೀನಿ ಚಿಗವ್ವಾ! ನಿನ್ನ ರೊಕ್ಕ ಮುಟ್ಟಿದ್ರ ನನಗ ಒಳ್ಳೇದಾಗಂಗಿಲ್ಲ. ಸಿಟ್ಟಿದ್ರ ಎರಡೇಟು ಹೊಡದುಬಿಡು!"

"ಸಿಟ್ಟು ಅದ" ಎಂದಳು ಲಾಲಮ್ಮ. "ಆದ್ರ ಹೋತದ ಮಾತಿಗಲ್ಲ. ಮಧ್ಯಾಹ್ನದಿಂದ ಎಷ್ಟು ಮಂದಿ ಕೈ ಮುಗದಾರ! ಸೇಡಂನವರು, ಚಿಂಚೋಳಿಯವರು, ನನಗ ಗೊತ್ತೇ ಇಲ್ಲದವರು. ಮೈತ್ರಿಗಿ ಫೋನಿನ್ಯಾಗ ಒಂದೊಂದು ಹೆಸರೂ ಓದಿ ಹೇಳ್ದೆ. ಹೆಗಲು ಕೊಟ್ಟವ ನೀ. ನಿನ್ನ ಹೆಸರು ಬರ್ತದ, ಬರ್ತದಂತ ನೋಡಿದೆ. ನಿಂದೊಂದೇ ಕೈ ಕಾಣಲಿಲ್ಲ ತಮ್ಮಾ."

ಬಂದ ಕೈಗಳನ್ನೆಲ್ಲ ಲೆಕ್ಕ ಹಾಕಿದವನು ಸುರೇಶಕುಮಾರ. ತನ್ನ ಕೈ ಎಲ್ಲಿದೆ ಎಂದು ಒಮ್ಮೆಯೂ ನೋಡಿರಲಿಲ್ಲ. ನಾಚಿಕೆಯಾಯಿತು, ದುಃಖವಾಯಿತು, ತನ್ನ ಮೇಲೆಯೇ ಕೆಟ್ಟ ಸಿಟ್ಟು ಬಂತು. ಮೊಬೈಲು ಎತ್ತಿಕೊಂಡ. ಅದರಲ್ಲಿದ್ದ ತನ್ನ ಸನ್ಮಾನದ ಫೋಟೋಗಳನ್ನೆಲ್ಲ ಹಿಂದೆಮುಂದೆ ನೋಡದೆ ಅಳಿಸಿ ಹಾಕಿದ. ಆಮೇಲೆ ಬೂದಿ ಚೌಕವನ್ನು ಒತ್ತಿದ. ಚೌಕ ನಿಧಾನಕ್ಕೆ ತೆರೆದು ಕಾಕಾನ ಮುಖ ಬಂತು. ಕಣ್ಣು ಮಂಜಾದವು. ಕಣ್ಣೊರೆಸಿಕೊಂಡು, ಅದರ ಕೆಳಗೆ ಕೈಮುಗಿದ ಚಿತ್ರವನ್ನು ಒತ್ತಿದ.

ಟಿಂಗ್! ದಸ್ತಗೀರನ ಕೈಯಲ್ಲಿ ಮೊಬೈಲು ಸದ್ದು ಮಾಡಿತು. ದಸ್ತಗೀರ ಅದನ್ನು ನೋಡಿದ, ಲಾಲಮ್ಮನ ಗಂಟನ್ನು ನೋಡಿದ, ಸುರೇಶಕುಮಾರನನ್ನು ನೋಡಿದ. ಅವನ ಹೆಬ್ಬೆಟ್ಟು ಮಿಂಚಿನಂತೆ ಓಡಿತು.

"ಇಪ್ಪತ್ತೊಂದು ಸಾವಿರದ ಮ್ಯಾಲ ಎರಡು ನೂರು! ಒಂದು ಸಲ, ಎರಡು ಸಲ, ಮೂರು ಸಲ! ಬರದುಬಿಟ್ಟೆ! ಚಾಚಿ, ನಿಮ್ಮ ಗಂಟು ತಗೋರಿ. ಹೋತ ಸುರೇಶ್ ಭಾಯಿದು!"

"ಏ, ಏ! ದಸ್ತಗೀರ್! ಅದು ನಾ ಸವಾಲಿಗಿ ಮುಗದಿದ್ದಲ್ಲೋ!"

"ಮುಗಿದ ಕೈ ವಾಪಸ್ ಇಲ್ಲ ಭಾಯಿ. ದಪ್ಪ ಅಕ್ಷರದಾಗ ಬರದವ ನೀನೇ!"

ಸುರೇಶಕುಮಾರ ಹೆಂಡತಿಯ ಕಡೆ ತಿರುಗಿದ. ಲುಂಬಿನಿ ಆಗಲೇ ಒಳಗೆ ಹೋಗಿದ್ದಳು. ಅವನು ಹೊಸ ಗಾಡಿಗೆಂದು ಕೂಡಿಟ್ಟಿದ್ದ ಬೋನಸ್ಸಿನ ಲಕೋಟೆಯನ್ನು ತಂದು, ಒಂದು ಮಾತೂ ಕೇಳದೆ ದಸ್ತಗೀರನ ಕೈಗಿಟ್ಟಳು. ಆಮೇಲೆ ಬಂದು ಲಾಲಮ್ಮನ ಕೈಯಿಂದ ಹಗ್ಗ ತೆಗೆದುಕೊಂಡು ಹೋತದ ಕೊರಳಿಗೆ ಎರಡನೇ ಗಂಟು ಬಿಗಿದಳು. ಕಾಲೋನಿಯ ತಿರುವಿನಲ್ಲಿ ಪೆಟ್ಟಿಗೆಯ ಗಾಡಿ ಹಾರ್ನು ಹೊಡೆಯಿತು.

ಲಾಲಮ್ಮ ತನ್ನ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ಎರಡು ಹೆಜ್ಜೆ ಹೋದವಳು ನಿಂತು, ಹೋತವನ್ನೊಮ್ಮೆ, ಕಣ್ಣೀರು ಹಾಕುತ್ತ ಕೂತಿದ್ದ ಕಾರ್ಯದರ್ಶಿಯನ್ನೊಮ್ಮೆ ನೋಡಿದಳು. ವರ್ಷದ ಮೇಲೆ ಮೊದಲ ಬಾರಿಗೆ ಆಕೆಯ ಮುಖದಲ್ಲಿ ನಗು ಕಂಡಿತು.

"ಏ ತಮ್ಮಾ, ಖರೇ ಹೇಳು. ಈಗ ಅಳ್ಲಿಕತ್ತಿದ್ದು ನಿಮ್ಮ ಕಾಕಾಗೋ, ಹೋತಕ್ಕೋ?"